ಮಲೆನಾಡಿನ ಮಳೆಗೆ ಇವಿ ಟೈರು ಆರಿಸುವುದು ಹೇಗೆ: ಹಂತ ಹಂತವಾಗಿ

ಮೇ ತಿಂಗಳ ಕೊನೆಗೆ ಕೊಪ್ಪದ ನಮ್ಮ ಭಾವ ಫೋನ್ ಮಾಡಿದ್ದರು. ಎಲೆಕ್ಟ್ರಿಕ್ ಕಾರು (ಇವಿ) ತೆಗೆದುಕೊಂಡು ಮೂರು ವರ್ಷ ಆಗಿದೆ, ಟೈರು ಬದಲಿಸುವ ಕಾಲ ಬಂದಿದೆ. "ನಾರ್ವೆಯಲ್ಲಿ ಇವಿಗೆಲ್ಲ ವಿಂಟರ್ ಟೈರ್ ಹಾಕ್ತಾರಂತೆ, ವಿಡಿಯೋದಲ್ಲಿ ನೋಡಿದೆ. ನಮ್ದೂ ಚಳಿ ಊರೇ ಅಲ್ವಾ, ಅದನ್ನೇ ತರಿಸ್ಲಾ?" ಅಂತ ಕೇಳಿದರು. ಬೇಡ ಭಾವ ಅಂದೆ. ಯಾಕೆ ಬೇಡ, ಹಾಗಾದರೆ ಏನು ಬೇಕು ಅಂತ ಹೇಳುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಈಗ ಇವಿಗಳು ಜಾಸ್ತಿ ಆಗಿವೆ, ಇದೇ ಪ್ರಶ್ನೆ ಇನ್ನೂ ಎಷ್ಟೋ ಜನರಿಗೆ ಇರುತ್ತದೆ. ಅದಕ್ಕೇ ಅವತ್ತು ಹೇಳಿದ್ದನ್ನೆಲ್ಲ ಸೇರಿಸಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮೂರಲ್ಲಿ ಟೈರು ಆರಿಸಬೇಕಾದದ್ದು ಚಳಿ ನೋಡಿ ಅಲ್ಲ, ರೇಂಜ್ (ಒಂದು ಸಲ ಚಾರ್ಜ್ ಮಾಡಿದರೆ ಓಡುವ ದೂರ) ನೋಡಿಯೂ ಅಲ್ಲ. ಒದ್ದೆ ರಸ್ತೆಯ ಹಿಡಿತ ನೋಡಿ. ಉಳಿದದ್ದೆಲ್ಲ ಅದರ ನಂತರ.

ಹಂತ 1: ನೀವು ಓಡಾಡುವ ರಸ್ತೆ ಯಾವುದು?

ಒಂದು ಹಾಳೆ ತೆಗೆದುಕೊಂಡು ನಿಜವಾಗಿ ಬರೆಯಿರಿ. ವಾರಕ್ಕೆ ಎಷ್ಟು ದಿನ ಪೇಟೆಯೊಳಗೆ, ಎಷ್ಟು ದಿನ ಹೆದ್ದಾರಿಯಲ್ಲಿ, ತಿಂಗಳಿಗೆ ಎಷ್ಟು ಸಲ ಘಟ್ಟ ಇಳಿಯುತ್ತೀರಿ, ಮನೆಗೆ ಹೋಗುವ ಕೊನೆಯ ಅರ್ಧ ಕಿಲೋಮೀಟರ್ ಡಾಂಬರೋ ಕಾಂಕ್ರೀಟೋ ಮಣ್ಣೋ. ಶಿವಮೊಗ್ಗ ಪೇಟೆಯೊಳಗೇ ಓಡಾಡುವವರಿಗೂ ತೀರ್ಥಹಳ್ಳಿಯಿಂದ ದಿನಾ ಆಗುಂಬೆ ದಾಟಿ ಉಡುಪಿ ಕಡೆ ಇಳಿಯುವವರಿಗೂ ಒಂದೇ ಟೈರು ಸರಿ ಹೋಗಬೇಕು ಅಂತೇನಿಲ್ಲ.

ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ನೇರ ಗೆರೆ ಎಳೆದರೆ ಅರವತ್ತು ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಇಷ್ಟು ವ್ಯತ್ಯಾಸ. ಪೇಟೆಯಲ್ಲಿ ಬಿಸಿಲಿದೆ ಅಂತ ಹೊರಟರೆ ಮಂಡಗದ್ದೆ ದಾಟುವಾಗ ವೈಪರ್ ಜೋರಾಗಿ ಓಡುತ್ತಿರುತ್ತದೆ.

ಮಳೆ ಅಂದರೂ ಒಂದೇ ಥರ ಅಲ್ಲ. ಮೃಗಶಿರಾ ಮಳೆಯ ಮೊದಲ ಎರಡು ದಿನ ರಸ್ತೆಯ ಮೇಲೆ ಬೇಸಿಗೆಯ ಧೂಳು, ಲಾರಿಗಳಿಂದ ಬಿದ್ದ ಎಣ್ಣೆ ಎಲ್ಲ ನೀರಿನ ಜೊತೆ ಸೇರಿ ಸೋಪಿನ ಹಾಗೆ ಆಗಿರುತ್ತದೆ. ಪುನರ್ವಸು, ಪುಷ್ಯದ ಹೊತ್ತಿಗೆ ಎಣ್ಣೆ ತೊಳೆದು ಹೋಗಿರುತ್ತದೆ, ಆದರೆ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ದರೆಯಿಂದ ಕೆಂಪು ಮಣ್ಣು ಇಳಿದು ರಸ್ತೆಗೆ ಬರುತ್ತದೆ. ಆಶ್ಲೇಷಾ ಕಳೆಯುವಷ್ಟರಲ್ಲಿ ಬಿಸಿಲು ಕಾಣದ ತಿರುವುಗಳಲ್ಲಿ ಹಾವಸೆ (ಪಾಚಿ) ಕಟ್ಟಿರುತ್ತದೆ, ಮೇಲೆ ಕೊಳೆತ ಎಲೆ. ನಿಂತ ನೀರಿಗೆ ಟೈರಿನ ಆಳವಾದ ಗೆರೆ ಬೇಕು, ನುಣುಪಾದ ಒದ್ದೆ ಡಾಂಬರಿಗೆ ಒಳ್ಳೆಯ ರಬ್ಬರ್ ಬೇಕು. ಹಾವಸೆಗೆ ಮಾತ್ರ ಯಾವ ಟೈರೂ ಪೂರ್ತಿ ಉತ್ತರ ಅಲ್ಲ, ಅಲ್ಲಿ ನಿಧಾನವೇ ಗತಿ.

ಹಂತ 2: ವಿಂಟರ್, ಆಲ್-ವೆದರ್, ಸಾದಾ ಟೈರಿನ ಗೊಂದಲ ಬಿಡಿಸಿಕೊಳ್ಳಿ

ಚಳಿಗಾಲದ ಟೈರು ಹುಟ್ಟಿದ್ದು ಫಿನ್ಲೆಂಡಿನಲ್ಲಿ. ಈಗ ನೋಕಿಯನ್ ಎಂದು ಹೆಸರಾದ ಕಂಪನಿ 1934ರಲ್ಲಿ ಹಿಮದ ರಸ್ತೆಯ ಲಾರಿಗಳಿಗೆ ಅಂತ ಅದನ್ನು ಮಾಡಿತು, ಎರಡು ವರ್ಷದ ನಂತರ ಕಾರಿಗೂ ಬಂತು. ಅದರ ಗುಟ್ಟು ಇರುವುದು ರಬ್ಬರಿನಲ್ಲಿ. ನಾವು ದಿನಾ ಬಳಸುವ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತಾ ಬರುತ್ತದೆ, ಹಿಡಿತ ಕಡಿಮೆಯಾಗುತ್ತದೆ. ವಿಂಟರ್ ಟೈರಿನ ರಬ್ಬರ್ ಆ ಚಳಿಯಲ್ಲೂ ಮೆತ್ತಗೇ ಇರುತ್ತದೆ. ಜೊತೆಗೆ ರಸ್ತೆಗೆ ತಾಗುವ ಅದರ ರಬ್ಬರ್ ಗಟ್ಟಿಗಳ ಮೇಲೆ ಬ್ಲೇಡಿನಲ್ಲಿ ಸೀಳಿದ ಹಾಗೆ ನೂರಾರು ಸಣ್ಣ ಸೀಳು ಇರುತ್ತವೆ, ಅವು ಹಿಮವನ್ನು ಕಚ್ಚಿಕೊಳ್ಳುತ್ತವೆ.

ಈಗ ನಮ್ಮೂರಿನ ಲೆಕ್ಕ ನೋಡಿ. ಜನವರಿಯ ಬೆಳಗಿನ ಜಾವ ಇಬ್ಬನಿ ಬಿದ್ದು ಒಲೆ ಮುಂದಿನಿಂದ ಏಳಲು ಮನಸ್ಸಾಗುವುದಿಲ್ಲ, ನಿಜ. ಆದರೂ ಸಾಮಾನ್ಯವಾಗಿ ಹತ್ತು ಡಿಗ್ರಿಗಿಂತ ಮೇಲೇ ಇರುತ್ತದೆ. ಮಧ್ಯಾಹ್ನ ಮೂವತ್ತರ ಹತ್ತಿರ ಹೋಗುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಶಿವಮೊಗ್ಗದಲ್ಲಿ 36, 37. ಆ ಬಿಸಿಲಲ್ಲಿ ಮೆತ್ತನೆಯ ವಿಂಟರ್ ರಬ್ಬರ್ ಅಳಿಸುವ ರಬ್ಬರಿನ ಹಾಗೆ ಸವೆಯುತ್ತದೆ, ಬ್ರೇಕ್ ಹಾಕಿದಾಗ ಕಾರು ನಿಲ್ಲಲು ಜಾಸ್ತಿ ದೂರ ಬೇಕಾಗುತ್ತದೆ, ತಿರುವಿನಲ್ಲಿ ಓಲಾಡುತ್ತದೆ. ಇವಿಯ ತೂಕಕ್ಕೆ ಇದು ಇನ್ನೂ ಕಷ್ಟ. ಹಾಗಾಗಿ ವಿಂಟರ್ ಟೈರು ಮಲೆನಾಡಿಗೆ ಬೇಡವೇ ಬೇಡ.

ಆಲ್-ವೆದರ್ ಅಂತ ಹೊರದೇಶಗಳಲ್ಲಿ ಮಾರುವುದು ವರ್ಷಪೂರ್ತಿ ಹಾಕಬಹುದಾದ, ಹಿಮಕ್ಕೂ ತಕ್ಕಮಟ್ಟಿಗೆ ಆಗುವ ಟೈರು. ಅದರ ಪಕ್ಕೆಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹಳುಕು ಇರುವ ಗುರುತು ಇರುತ್ತದೆ. ಹಿಮದ ಮೇಲೆ ಪರೀಕ್ಷೆ ಮಾಡಿ ಪಾಸಾದರೆ ಮಾತ್ರ ಆ ಗುರುತು. "ಎಂ+ಎಸ್" ಅಂದರೆ ಬೇರೆ. ಮಣ್ಣು ಮತ್ತು ಹಿಮ ಎಂದು ಅದರ ಅರ್ಥ, ಆದರೆ ಅದು ತಯಾರಕರು ತಾವೇ ಹಾಕಿಕೊಳ್ಳುವ ಗುರುತು, ಪರೀಕ್ಷೆ ಕಡ್ಡಾಯ ಇಲ್ಲ. ಜರ್ಮನಿಯವರು ಚಳಿಗಾಲಕ್ಕೆ ಬರೀ ಎಂ+ಎಸ್ ಇದ್ದರೆ ಸಾಲದು, ಶಿಖರದ ಗುರುತೇ ಬೇಕು ಅಂತ ಕಾನೂನು ಮಾಡಿದ್ದಾರೆ. ನಮ್ಮ ಕಡೆಯ ಅಂಗಡಿಗಳಲ್ಲಿ ಯಾರಾದರೂ ಎಂ+ಎಸ್ ತೋರಿಸಿ "ಇದು ಮಳೆಗೆ ಸ್ಪೆಷಲ್ ಸರ್" ಅಂದರೆ ಅಷ್ಟಕ್ಕೇ ಒಪ್ಪಬೇಡಿ. ಆ ಎರಡು ಅಕ್ಷರಕ್ಕೂ ಮಳೆಯಲ್ಲಿ ಬ್ರೇಕ್ ಹಿಡಿಯುವುದಕ್ಕೂ ಸಂಬಂಧ ಇಲ್ಲ.

ನಿಮಗೆ ಬೇಕಾದದ್ದು ಬಿಸಿ ಊರಿನ ರಬ್ಬರ್, ಒದ್ದೆಯಲ್ಲಿ ಒಳ್ಳೆಯ ಹಿಡಿತ, ಇವಿಯ ತೂಕ ತಡೆಯುವ ಶಕ್ತಿ. ಇದು ಸಾದಾ ರಸ್ತೆ ಟೈರುಗಳಲ್ಲೇ ಸಿಗುತ್ತದೆ, ಒಳ್ಳೆಯದನ್ನು ಆರಿಸಬೇಕು ಅಷ್ಟೆ.

ಹಂತ 3: ಈಗಿರುವ ಟೈರನ್ನು ಅಳೆಯಿರಿ

ಹೊಸ ಟೈರು ಕೊಳ್ಳುವ ಮೊದಲು ಹಳೆಯದು ಎಷ್ಟು ಉಳಿದಿದೆ ಅಂತ ನೋಡಬೇಕು. ಹೊಸ ಕಾರಿನ ಟೈರಿನ ಗೆರೆ ಏಳೆಂಟು ಮಿಲಿಮೀಟರ್ ಆಳ ಇರುತ್ತದೆ. ಕಾನೂನಿನ ಪ್ರಕಾರ 1.6 ಮಿಲಿಮೀಟರ್‌ವರೆಗೆ ಓಡಿಸಬಹುದು. ಗೆರೆಯ ಒಳಗೆ ಅಲ್ಲಲ್ಲಿ ಸಣ್ಣ ಉಬ್ಬುಪಟ್ಟಿ ಇರುತ್ತದೆ, ಟೈರು ಸವೆದು ಅದರ ಸಮಕ್ಕೆ ಬಂದರೆ 1.6 ಆಯಿತು ಅಂತ ಅರ್ಥ.

ಆದರೆ ಮಲೆನಾಡಿನ ಮಳೆಗಾಲಕ್ಕೆ 1.6 ಅಂದರೆ ತುಂಬಾ ತಡ. ನಾನು 3 ಮಿಲಿಮೀಟರ್‌ಗೆ ಬದಲಿಸುತ್ತೇನೆ, ನೀವೂ ಹಾಗೇ ಮಾಡಿ ಅಂತ ಕೇಳಿಕೊಳ್ಳುತ್ತೇನೆ. ನಾರ್ವೆಯಲ್ಲಿ ಚಳಿಗಾಲದ ಟೈರಿಗೆ ಕಾನೂನೇ 3 ಮಿಲಿಮೀಟರ್ ಇಟ್ಟಿದೆ. ಅವರ ವಿಂಟರ್ ಟೈರು ನಮಗೆ ಬೇಡ, ಈ ಲೆಕ್ಕ ಮಾತ್ರ ಬೇಕು.

ಯಾಕೆ ಅಂತ ಒಂದು ಲೆಕ್ಕದಲ್ಲಿ ಹೇಳುತ್ತೇನೆ. ಟೈರಿನ ಅಗಲ 215 ಮಿಲಿಮೀಟರ್. ರಸ್ತೆ ಮೇಲೆ 3 ಮಿಲಿಮೀಟರ್ ನೀರು ನಿಂತಿದೆ. ನೀವು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದ್ದೀರಿ. ಆಗ ಒಂದೊಂದು ಮುಂದಿನ ಟೈರೂ ಸೆಕೆಂಡಿಗೆ ಹತ್ತಿರ ಹತ್ತಿರ ಹದಿನಾಲ್ಕು ಲೀಟರ್ ನೀರನ್ನು ದಾರಿಯಿಂದ ಸರಿಸಬೇಕು. ಅಂದರೆ ಪ್ರತಿ ಸೆಕೆಂಡಿಗೂ ಒಂದು ಕೊಡ ನೀರು! ಆ ನೀರು ಹೋಗಬೇಕಾದದ್ದು ಟೈರಿನ ಗೆರೆಗಳಲ್ಲೇ. ಗೆರೆ ತೆಳುವಾದರೆ ನೀರಿಗೆ ಹೋಗಲು ದಾರಿ ಇಲ್ಲ, ಟೈರು ನೀರಿನ ಮೇಲೆ ಏರಿ ಕೂರುತ್ತದೆ. ಸ್ಟೀರಿಂಗ್ ಹಗುರ ಆಗುತ್ತದೆ, ತಿರುಗಿಸಿದರೂ ಕಾರು ತಿರುಗುವುದಿಲ್ಲ.

ಇದು ನನಗೇ ಆಗಿದೆ. ಮೊದಲ ಸೆಟ್ ಟೈರು, 34,000 ಕಿಲೋಮೀಟರ್ ಓಡಿತ್ತು. ಕಣ್ಣಿಗೆ ಚೆನ್ನಾಗೇ ಕಾಣುತ್ತಿತ್ತು. ಜುಲೈ ತಿಂಗಳ ಒಂದು ಸಂಜೆ ತೀರ್ಥಹಳ್ಳಿಯಿಂದ ವಾಪಸ್ ಬರುವಾಗ, ಎಡಗಡೆ ತುಂಗೆ, ರಸ್ತೆ ತಗ್ಗಿದ್ದ ಕಡೆ ಅಡ್ಡಡ್ಡ ನೀರು ನಿಂತಿತ್ತು. ವೇಗ ಎಪ್ಪತ್ತರ ಹತ್ತಿರ. ಎರಡು ಸೆಕೆಂಡು ಕಾರು ನನ್ನ ಕೈಯಲ್ಲಿ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ, ಮಗಳು. ಎದುರಿಗೆ ಯಾವ ಗಾಡಿಯೂ ಬರಲಿಲ್ಲ, ಟೈರು ಮತ್ತೆ ರಸ್ತೆ ಹಿಡಿಯಿತು, ಮನೆ ಸೇರಿದೆವು. ಮರುದಿನ ಅಳೆದರೆ ಮುಂದಿನ ಟೈರುಗಳು 2.4 ಮಿಲಿಮೀಟರ್. ಕಾನೂನಿನ ಲೆಕ್ಕಕ್ಕೆ ಇನ್ನೂ ಓಡಿಸಬಹುದಾದ ಟೈರು ಅದು.

ಅಳೆಯಲು ಸಣ್ಣ ಡೆಪ್ತ್ ಗೇಜ್ ಸಿಗುತ್ತದೆ, ಹೆಚ್ಚು ಬೆಲೆ ಇಲ್ಲ. ಅದೂ ಇಲ್ಲದಿದ್ದರೆ ಬೆಂಕಿಕಡ್ಡಿಯನ್ನು ಗೆರೆಯೊಳಗೆ ಇಳಿಸಿ, ಉಗುರಿನಿಂದ ಗುರುತು ಹಿಡಿದು, ಸ್ಕೇಲಿನ ಮೇಲೆ ಇಟ್ಟು ನೋಡಿ. ಒಳಅಂಚು, ನಡು, ಹೊರಅಂಚು ಮೂರು ಕಡೆ ಅಳೆಯಿರಿ. ಒಳಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ಹೋಗಿದೆ, ಗುಂಡಿಗೆ ಬಿದ್ದಿರಬೇಕು. ಅದನ್ನು ಸರಿ ಮಾಡಿಸದೆ ಹೊಸ ಟೈರು ಹಾಕಿದರೆ ದುಡ್ಡು ದಂಡ. ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ.

ಇವಿಯಲ್ಲಿ ಟೈರು ಬೇಗ ಸವೆಯುತ್ತದೆ ಅನ್ನುವುದು ನಿಜ. ಬ್ಯಾಟರಿಯ ತೂಕ ಒಂದು, ಕಾಲಿಟ್ಟ ತಕ್ಷಣ ಮೋಟಾರಿನ ಪೂರ್ತಿ ಎಳೆತ ಚಕ್ರಕ್ಕೆ ಬೀಳುವುದು ಇನ್ನೊಂದು. ಮುಂದಿನ ಚಕ್ರಕ್ಕೆ ಮೋಟಾರ್ ಇರುವ ಕಾರಿನಲ್ಲಿ ಎಳೆಯುವುದೂ ಅದೇ, ತಿರುಗುವುದೂ ಅದೇ, ರೀಜೆನ್‌ನಲ್ಲಿ (ಕಾಲು ತೆಗೆದಾಗ ಮೋಟಾರೇ ಕಾರನ್ನು ತಡೆದು ಬ್ಯಾಟರಿಗೆ ಶಕ್ತಿ ವಾಪಸ್ ತುಂಬುವುದು) ತಡೆಯುವುದೂ ಅದೇ. ಆದ್ದರಿಂದ ಎಂಟು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಟೈರುಗಳನ್ನು ಹಿಂದೆ ಮುಂದೆ ಬದಲಾಯಿಸಿಕೊಳ್ಳಿ.

ಹಂತ 4: ಟೈರಿನ ಪಕ್ಕೆ ಓದುವುದು ಕಲಿಯಿರಿ

ನೆಕ್ಸಾನ್ ಇವಿಯ ಅಳತೆ 215/60 ಆರ್16. ಇದನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. 215 ಅಂದರೆ ಮಿಲಿಮೀಟರಿನಲ್ಲಿ ಅಗಲ. 60 ಅಂದರೆ ಟೈರಿನ ಗೋಡೆಯ ಎತ್ತರ ಅಗಲದ ಶೇಕಡಾ 60. 16 ಅಂದರೆ ರಿಮ್ ಎಷ್ಟು ಇಂಚು. ಇದರ ಮುಂದೆ 95ಎಚ್ ಅಂತ ಒಂದು ಸಂಖ್ಯೆ, ಒಂದು ಅಕ್ಷರ ಇರುತ್ತದೆ. ಹೆಚ್ಚಿನವರು ನೋಡದೆ ಬಿಡುವುದು ಇದನ್ನೇ, ಇವಿಗೆ ಮುಖ್ಯವಾದದ್ದೂ ಇದೇ.

95 ಅಂದರೆ ಒಂದು ಟೈರು 690 ಕಿಲೋ ತಡೆಯುತ್ತದೆ. 91 ಆದರೆ 615 ಕಿಲೋ. 99 ಆದರೆ 775. ಟಿಯಾಗೋ ಇವಿಯಂಥ ಸಣ್ಣ ಕಾರಿನ 175/65 ಆರ್14 ಅಳತೆಯಲ್ಲಿ 82 ಅಂತ ಸಿಗುತ್ತದೆ, ಅದು 475 ಕಿಲೋ. ಅಂಗಡಿಯಲ್ಲಿ ಅದೇ ಅಳತೆಯ ಆದರೆ ಕಡಿಮೆ ಸಂಖ್ಯೆಯ ಟೈರು ಅಗ್ಗಕ್ಕೆ ಸಿಗಬಹುದು. ತೆಗೆದುಕೊಳ್ಳಬೇಡಿ. ಕಾರಿನ ಜೊತೆ ಬಂದ ಸಂಖ್ಯೆಗಿಂತ ಕೆಳಗೆ ಹೋಗಲೇಬಾರದು, ಮೇಲೆ ಹೋದರೆ ತೊಂದರೆ ಇಲ್ಲ. ಐದು ಜನ, ಡಿಕ್ಕಿಯಲ್ಲಿ ಒಂದು ಚೀಲ ಸಿಪ್ಪೆಗೋಟು ಅಡಿಕೆ, ತೆಂಗಿನಕಾಯಿ ಎಲ್ಲ ಹಾಕಿಕೊಂಡು ಘಟ್ಟ ಇಳಿಯುವವರು ನಾವು, ಈ ಸಂಖ್ಯೆ ಅಲ್ಲಿ ಕೆಲಸಕ್ಕೆ ಬರುತ್ತದೆ. "ಎಕ್ಸ್‌ಎಲ್" ಅಂತ ಬರೆದಿದ್ದರೆ ಅದೇ ಅಳತೆಯಲ್ಲಿ ಜಾಸ್ತಿ ಗಾಳಿ, ಜಾಸ್ತಿ ಭಾರ ತಡೆಯುವ ಹಾಗೆ ಮಾಡಿದ್ದು ಅಂತ ಅರ್ಥ. ಇವಿಗೆ ಒಳ್ಳೆಯದು.

ಅಕ್ಷರ ವೇಗದ್ದು. ಟಿ ಅಂದರೆ ಗಂಟೆಗೆ 190, ಎಚ್ ಅಂದರೆ 210, ವಿ ಅಂದರೆ 240 ಕಿಲೋಮೀಟರ್. ನಮ್ಮ ರಸ್ತೆಯಲ್ಲಿ ಯಾವುದೂ ಬೇಕಾಗಿಲ್ಲ, ಆದರೆ ಕಾರಿನ ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಹಾಕಬೇಡಿ.

ಇನ್ನು ತಯಾರಾದ ದಿನ. ಪಕ್ಕೆಯಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕೆ ಇರುತ್ತದೆ. 2325 ಅಂತಿದ್ದರೆ 2025ನೇ ವರ್ಷದ 23ನೇ ವಾರ. ಒಂದು ವರ್ಷದೊಳಗಿನದನ್ನು ಕೇಳಿ. ಸಣ್ಣ ಊರಿನ ಅಂಗಡಿಯಲ್ಲಿ ಇವಿ ಅಳತೆಯ ಟೈರು ಬೇಗ ಖರ್ಚಾಗುವುದಿಲ್ಲ, ಹಳೆಯದು ಉಳಿದಿರುವ ಸಾಧ್ಯತೆ ಇರುತ್ತದೆ. ನಾಲ್ಕೂ ಟೈರಿನ ಅಂಕೆ ನೀವೇ ಬಗ್ಗಿ ನೋಡಿ.

ಇನ್ನೊಂದು ವಿಷಯ, ಅಗಲದ್ದು. ಕಾರು ಗಟ್ಟಿಯಾಗಿ ಕಾಣಲಿ ಅಂತ ಕೆಲವರು ಅಗಲದ ಟೈರಿಗೆ ಹೋಗುತ್ತಾರೆ. ಒಣ ರಸ್ತೆಯಲ್ಲಿ ಅದು ಸರಿ ಇರಬಹುದು. ನಿಂತ ನೀರಿನಲ್ಲಿ ಅಗಲದ ಟೈರು ಬೇಗ ತೇಲುತ್ತದೆ, ಜಾಸ್ತಿ ನೀರು ಸರಿಸಬೇಕಲ್ಲ. ಮೇಲೆ ರೇಂಜೂ ಕಡಿಮೆ. ಕಂಪನಿ ಕೊಟ್ಟ ಅಳತೆಯಲ್ಲೇ ಇರಿ.

ಹಂತ 5: ಹಿಡಿತ ಮತ್ತು ರೇಂಜ್, ಎರಡರ ನಡುವಿನ ಲೆಕ್ಕ

ಇವಿ ಇಟ್ಟುಕೊಂಡವರಿಗೆಲ್ಲ ರೇಂಜಿನ ಚಿಂತೆ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ದಾರಿಯಲ್ಲಿ ಚಾರ್ಜರ್ ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಿಲ್ಲ. ಹಾಗಾಗಿ ಕಾರು ಕಂಪನಿಗಳು ಸುಲಭವಾಗಿ ಉರುಳುವ ಟೈರು ಹಾಕಿ ಕೊಡುತ್ತವೆ. ಟೈರು ಬದಲಿಸಿದಾಗ ರೇಂಜು ನೂರಕ್ಕೆ ಐದರಿಂದ ಹತ್ತರಷ್ಟು ಹೆಚ್ಚು ಕಡಿಮೆ ಆಗುವುದು ಸಾಮಾನ್ಯ. ಇನ್ನೂರೈವತ್ತು ಕಿಲೋಮೀಟರ್ ಓಡುವ ಕಾರಿಗೆ ಅದು ಹನ್ನೆರಡರಿಂದ ಇಪ್ಪತ್ತೈದು ಕಿಲೋಮೀಟರ್.

ಒಂದು ವಿಷಯ ನೆನಪಿಡಿ. ಸವೆದ ಟೈರಿಗಿಂತ ಹೊಸ ಟೈರು ಉರುಳುವಾಗ ಸ್ವಲ್ಪ ಜಾಸ್ತಿ ಶಕ್ತಿ ತಿನ್ನುತ್ತದೆ, ಯಾಕೆಂದರೆ ದಪ್ಪ ರಬ್ಬರ್ ಬಾಗಿ ಏಳಬೇಕು. ಅದೇ ಕಂಪನಿಯ ಅದೇ ಟೈರು ಹಾಕಿದರೂ ಮೊದಲು ರೇಂಜು ಸ್ವಲ್ಪ ಇಳಿಯುತ್ತದೆ. ಹೊಸ ಟೈರು ಸರಿ ಇಲ್ಲ ಅಂತ ಗಾಬರಿ ಆಗಬೇಡಿ.

ಹಳೆಯ ಕಾಲದಲ್ಲಿ ಸುಲಭವಾಗಿ ಉರುಳುವ ಟೈರು ಅಂದರೆ ಒದ್ದೆಯಲ್ಲಿ ಜಾರುವ ಟೈರು ಅಂತಲೇ ಆಗಿತ್ತು. ಈಗ ರಬ್ಬರಿಗೆ ಸಿಲಿಕಾ ಬೆರೆಸುವುದರಿಂದ ಎರಡನ್ನೂ ತಕ್ಕಮಟ್ಟಿಗೆ ಪಡೆಯಬಹುದು. ನಮ್ಮ ದೇಶದಲ್ಲೂ ಎಐಎಸ್-142 ಅಂತ ಒಂದು ನಿಯಮ ಬಂದಿದೆ. ಉರುಳುವ ತಡೆ, ಒದ್ದೆಯ ಹಿಡಿತ, ಸದ್ದು, ಈ ಮೂರಕ್ಕೂ ಅದು ಕನಿಷ್ಠ ಮಟ್ಟ ಇಟ್ಟಿದೆ. ಫ್ರಿಜ್ಜಿಗೆ ಸ್ಟಾರ್ ಕೊಡುವ ಬಿಇಇಯವರು ಟೈರಿಗೂ ಸ್ಟಾರ್ ಲೇಬಲ್ ಶುರು ಮಾಡಿದ್ದಾರೆ. ಆದರೆ ಗಮನವಿಟ್ಟು ನೋಡಿ, ಸ್ಟಾರ್ ಮುಖ್ಯವಾಗಿ ಇಂಧನ ಉಳಿತಾಯದ ಲೆಕ್ಕ. ಐದು ಸ್ಟಾರ್ ಇದ್ದ ಮಾತ್ರಕ್ಕೆ ಆಗುಂಬೆ ತಿರುವಿನಲ್ಲಿ ಅದು ಎಲ್ಲಕ್ಕಿಂತ ಚೆನ್ನಾಗಿ ಹಿಡಿಯುತ್ತದೆ ಅಂತ ಅರ್ಥ ಅಲ್ಲ. ಯುರೋಪಿನಲ್ಲೂ ಮಾರುವ ಟೈರಾದರೆ ಅಲ್ಲಿನ ಲೇಬಲ್ ಹುಡುಕಿ ನೋಡಿ. ಅದರಲ್ಲಿ ಒದ್ದೆ ಹಿಡಿತಕ್ಕೆ ಬೇರೆಯೇ ಎ ಯಿಂದ ಇ ವರೆಗೆ ದರ್ಜೆ ಇರುತ್ತದೆ, ಮಳೆ ಬೀಳುವ ಮೋಡದ ಚಿತ್ರದ ಪಕ್ಕ. ಎ ಅಥವಾ ಬಿ ಇದ್ದರೆ ಮುಂದುವರಿಯಿರಿ. ಇಲ್ಲಿ ಮಾರುವುದು ಅದೇ ಮಾದರಿಯೇ, ಅದೇ ಅಳತೆಯೇ ಅಂತ ಖಚಿತ ಮಾಡಿಕೊಳ್ಳಿ, ಒಂದೇ ಹೆಸರಿನ ಟೈರು ದೇಶದಿಂದ ದೇಶಕ್ಕೆ ಬೇರೆ ಇರಬಹುದು.

ಇವಿಗಾಗಿಯೇ ಮಾಡಿದ ಟೈರು ಬೇಕೇ ಬೇಕಾ? ಸಿಯೆಟ್‌ನ ಎನರ್ಜಿಡ್ರೈವ್, ಅಪೊಲೊದ ಆಂಪೀರಿಯನ್ ಥರದವು ನಮ್ಮಲ್ಲೇ ತಯಾರಾಗುತ್ತವೆ. ಸದ್ದು ಕಡಿಮೆ, ಸುಲಭವಾಗಿ ಉರುಳುತ್ತವೆ, ಭಾರ ತಡೆಯುತ್ತವೆ. ಒಳ್ಳೆಯದೇ. ಆದರೆ ಇವಿ ಅನ್ನುವ ಹೆಸರಿಗೆ ಮಾತ್ರ ದುಡ್ಡು ಕೊಡಬೇಡಿ. ಅಳತೆ, ಭಾರದ ಸಂಖ್ಯೆ ಸರಿ ಇದ್ದು ಒದ್ದೆ ಹಿಡಿತಕ್ಕೆ ಹೆಸರಾದ ಸಾದಾ ಟೈರು ಹಾಕಿದರೂ ಇವಿ ಚೆನ್ನಾಗಿ ಓಡುತ್ತದೆ. ಘಟ್ಟದ ಓಡಾಟ ಜಾಸ್ತಿ ಇದ್ದರೆ ಹದಿನೈದು ಕಿಲೋಮೀಟರ್ ರೇಂಜು ಬಿಟ್ಟು ಹಿಡಿತ ತೆಗೆದುಕೊಳ್ಳಿ. ಪೇಟೆಯಲ್ಲೇ ನಲವತ್ತರ ವೇಗದಲ್ಲಿ ಓಡಾಡುವವರಾದರೆ ರೇಂಜಿನ ಕಡೆ ಸ್ವಲ್ಪ ವಾಲಿದರೂ ಪರವಾಗಿಲ್ಲ.

ತೋಟದ ಮನೆಯವರು ಕೇಳುವ ಪ್ರಶ್ನೆ ಒಂದಿದೆ. ನಮ್ಮ ಮನೆ ಏರು ಮಳೆಗಾಲದಲ್ಲಿ ಕೆಸರು, ಆಲ್-ಟೆರೇನ್ ಟೈರು ಹಾಕಲಾ ಅಂತ. ನನ್ನ ಉತ್ತರ ಬೇಡ ಅಂತ. ಆ ದಪ್ಪ ಗಟ್ಟಿಯ ಟೈರು ಕೆಸರಿನಲ್ಲಿ ಕಚ್ಚುತ್ತದೆ ನಿಜ, ಆದರೆ ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹಿಡಿಯುವುದು ಸಾಮಾನ್ಯವಾಗಿ ಕಡಿಮೆ, ಸದ್ದು ಜಾಸ್ತಿ, ರೇಂಜು ಗಣನೀಯವಾಗಿ ಇಳಿಯುತ್ತದೆ. ಇನ್ನೂರು ಮೀಟರ್ ಮನೆ ಏರಿಗೋಸ್ಕರ ಇನ್ನೂರು ಕಿಲೋಮೀಟರ್ ಡಾಂಬರು ರಸ್ತೆಯ ಹಿಡಿತ ಕಳೆದುಕೊಳ್ಳುವುದು ಯಾಕೆ? ಅದರ ಬದಲು ಏರಿನಲ್ಲಿ ಚಕ್ರ ಹೋಗುವ ಜಾಗಕ್ಕೆ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿ, ಮೇಲ್ಮೈ ಒರಟಾಗಿರಲಿ, ಅಡ್ಡ ಗೆರೆ ಎಳೆಸಿ, ಪಕ್ಕದಲ್ಲಿ ನೀರು ಹೋಗಲು ಚರಂಡಿ ಬಿಡಿಸಿ. ಕಾಂಕ್ರೀಟಿಗೆ ಆಗದಿದ್ದರೆ ಜಂಬಿಟ್ಟಿಗೆ ಕಲ್ಲಾದರೂ ಕೂರಿಸಿ. ಮಗ್ಗುಲು ಮನೆಯವರ ಜೀಪಿಗೂ ಬೈಕಿಗೂ ಅನುಕೂಲ ಆಗುತ್ತದೆ.

ಹಂತ 6: ಯಾವಾಗ ಕೊಳ್ಳಬೇಕು, ಅಂಗಡಿಯಲ್ಲಿ ಏನು ನೋಡಬೇಕು

ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರ. ಮಳೆ ಹಿಡಿದ ಮೇಲೆ ಹೋಗಬೇಡಿ. ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಹಾಕಿದ ಪದಾರ್ಥದ ತೆಳು ಪದರ ಇರುತ್ತದೆ, ಮೊದಲ ಮುನ್ನೂರು ಕಿಲೋಮೀಟರ್ ಪೂರ್ತಿ ಹಿಡಿತ ಸಿಗುವುದಿಲ್ಲ. ಅದು ಒಣ ರಸ್ತೆಯಲ್ಲೇ ಕಳೆಯಲಿ. ಬೆಲೆ ಕೇಳುವಾಗ ಒಂದು ವಿಷಯ ಗೊತ್ತಿರಲಿ, 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ.

ನಾಲ್ಕೂ ಒಟ್ಟಿಗೆ ಬದಲಿಸಿದರೆ ಅತಿ ಉತ್ತಮ. ದುಡ್ಡಿನ ಕಷ್ಟ ಇದ್ದು ಎರಡೇ ಹಾಕಿಸುವುದಾದರೆ ಹೊಸ ಎರಡು ಹಿಂದಕ್ಕೆ ಹೋಗಬೇಕು. ಎಲ್ಲರೂ ಮುಂದಕ್ಕೇ ಹಾಕಿಸುತ್ತಾರೆ, ಮುಂದಿನದ್ದೇ ಸವೆದಿರುವುದು ಅಂತ. ತಪ್ಪು. ಮುಂದಿನ ಟೈರು ಜಾರಿದರೆ ಕಾರು ನೇರ ಹೋಗುತ್ತದೆ, ಕಾಲು ತೆಗೆದರೆ ಹಿಡಿತ ವಾಪಸ್ ಬರುವ ಅವಕಾಶ ಇದೆ. ಹಿಂದಿನದು ಜಾರಿದರೆ ಕಾರು ಬುಗುರಿಯ ಹಾಗೆ ತಿರುಗುತ್ತದೆ, ಅದನ್ನು ಸರಿಪಡಿಸುವುದು ಅಭ್ಯಾಸ ಇದ್ದವರಿಗೂ ಕಷ್ಟ.

ಅಂಗಡಿಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಜಾಕ್ ಎಲ್ಲಿ ಇಡುತ್ತಾರೆ ಅಂತ. ಇವಿಯ ಹೊಟ್ಟೆಯ ಕೆಳಗೆ ಪೂರ್ತಿ ಬ್ಯಾಟರಿ ಇರುತ್ತದೆ. ಒಂದು ಅಂಗಡಿಯಲ್ಲಿ ಹುಡುಗ ಟ್ರಾಲಿ ಜಾಕನ್ನು ತಳ್ಳಿಕೊಂಡು ಬಂದು ಸೀದಾ ಬ್ಯಾಟರಿಯ ತಟ್ಟೆ ಕೆಳಗೆ ಇಟ್ಟು ಎತ್ತಲು ಶುರು ಮಾಡಿದ, ನಾನು ಕೂಗಿ ನಿಲ್ಲಿಸಿದೆ. ಅವನ ತಪ್ಪಲ್ಲ, ಅವನಿಗೆ ಯಾರೂ ಹೇಳಿರಲಿಲ್ಲ. ಕಾರಿನ ಪುಸ್ತಕದಲ್ಲಿ ಜಾಕ್ ಇಡುವ ನಾಲ್ಕು ಜಾಗದ ಚಿತ್ರ ಇದೆ. ಅದನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೋಗಿ, ಕೆಲಸ ಶುರು ಮಾಡುವ ಮೊದಲು ತೋರಿಸಿ. ಆ ತಟ್ಟೆ ಜಜ್ಜಿದರೆ ಆಗುವ ಖರ್ಚಿನ ಮುಂದೆ ನಾಲ್ಕು ಟೈರಿನ ಬೆಲೆ ಏನೂ ಅಲ್ಲ.

ಜೊತೆಗೆ ವಾಲ್ವ್ ಹೊಸದು ಹಾಕಿಸಿ, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಮಾಡಿಸಿ. ಪಕ್ಕೆಯಲ್ಲಿ ತಿರುಗುವ ದಿಕ್ಕಿನ ಬಾಣ ಅಥವಾ ಹೊರಬದಿ ಅನ್ನುವ ಗುರುತು ಇದ್ದರೆ ಸರಿಯಾಗಿ ಕೂರಿಸಿದ್ದಾರಾ ನೋಡಿ.

ಹಂತ 7: ಹಾಕಿಸಿದ ಮೇಲೆ ಗಾಳಿ, ರೀಜೆನ್, ಘಟ್ಟ

ಎಷ್ಟು ಗಾಳಿ ಅಂತ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಇರುತ್ತದೆ, ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅದನ್ನು ಹಾಕಬೇಡಿ. ಬೆಳಿಗ್ಗೆ ಟೈರು ತಣ್ಣಗಿರುವಾಗ ನೋಡಿ. ಮಳೆಗಾಲಕ್ಕೆ ಗಾಳಿ ಸ್ವಲ್ಪ ಕಡಿಮೆ ಮಾಡಿದರೆ ಹಿಡಿತ ಬರುತ್ತದೆ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಕೆಸರಿಗೆ ಅದು ಸರಿ, ನಿಂತ ನೀರಿಗೆ ಪೂರ್ತಿ ಉಲ್ಟಾ. ನಾಸಾದವರು 1960ರ ದಶಕದಲ್ಲಿ ವಿಮಾನದ ಟೈರುಗಳ ಮೇಲೆ ಪ್ರಯೋಗ ಮಾಡಿ ಒಂದು ಸೂತ್ರ ಕೊಟ್ಟರು. ಗಾಳಿ ಕಡಿಮೆ ಆದಷ್ಟೂ ಟೈರು ಕಡಿಮೆ ವೇಗದಲ್ಲೇ ನೀರಿನ ಮೇಲೆ ತೇಲುತ್ತದೆ. ಆ ಸೂತ್ರದ ಪ್ರಕಾರ 36 ಪಿಎಸ್‌ಐಗೆ ಹತ್ತಿರ ಹತ್ತಿರ 100 ಕಿಲೋಮೀಟರ್ ವೇಗ, 25 ಪಿಎಸ್‌ಐಗೆ 83. ಕಾರಿಗೆ ಇದು ಅಂದಾಜು ಮಾತ್ರ, ಸವೆದ ಟೈರು ಇನ್ನೂ ಬೇಗ ತೇಲುತ್ತದೆ, ನನ್ನದು ಎಪ್ಪತ್ತಕ್ಕೇ ತೇಲಿತ್ತಲ್ಲ.

ರೀಜೆನ್ ಬಗ್ಗೆ ಹೇಳಲೇಬೇಕು, ಯಾಕೆಂದರೆ ಪೆಟ್ರೋಲ್ ಕಾರಿನಿಂದ ಬಂದವರಿಗೆ ಇದು ಹೊಸದು. ಪೆಡಲ್ ಬ್ರೇಕ್ ನಾಲ್ಕು ಚಕ್ರಕ್ಕೂ ಹಂಚುತ್ತದೆ. ರೀಜೆನ್ ಮಾತ್ರ ಮೋಟಾರ್ ಇರುವ ಚಕ್ರಕ್ಕಷ್ಟೇ. ಜಾರುವ ರಸ್ತೆಯ ತಿರುವಿನ ಮಧ್ಯದಲ್ಲಿ ದಡಕ್ಕನೆ ಕಾಲು ತೆಗೆದರೆ, ರೀಜೆನ್ ಜೋರಾಗಿಟ್ಟಿದ್ದರೆ, ಆ ಎರಡು ಚಕ್ರ ಮಾತ್ರ ಬ್ರೇಕ್ ಹಿಡಿದ ಹಾಗೆ. ಮಹೀಂದ್ರಾ ಬಿಇ 6 ಥರ ಹಿಂದಿನ ಚಕ್ರಕ್ಕೆ ಮೋಟಾರ್ ಇರುವ ಕಾರುಗಳಲ್ಲಿ ಇನ್ನೂ ಹುಷಾರಾಗಿರಬೇಕು. ಚಕ್ರ ಜಾರಿದರೆ ಕಾರಿನ ಕಂಪ್ಯೂಟರ್ ರೀಜೆನ್ ಕಡಿಮೆ ಮಾಡಿ ಸರಿಪಡಿಸಲು ನೋಡುತ್ತದೆ. ಆ ಕ್ಷಣ ಕಾರು ಮುಂದಕ್ಕೆ ಬಿಟ್ಟ ಹಾಗೆ ಅನ್ನಿಸುತ್ತದೆ, ಹೆದರದೆ ಬ್ರೇಕ್ ಪೆಡಲ್ ಒತ್ತಿ. ಮಳೆಯಲ್ಲಿ ರೀಜೆನ್ ಕಡಿಮೆ ಅಥವಾ ಮಧ್ಯಮ ಮಟ್ಟದಲ್ಲಿಡಿ, ತಿರುವಿಗೆ ಮೊದಲೇ ನೇರ ರಸ್ತೆಯಲ್ಲಿ ವೇಗ ಇಳಿಸಿ, ತಿರುವಿನೊಳಗೆ ಕಾಲು ಮೆತ್ತಗಿರಲಿ.

ಆಗುಂಬೆ ಘಟ್ಟದಲ್ಲಿ 14 ಹಿಮ್ಮುರಿ ತಿರುವು. ಮೇಲಿಂದ ಸೋಮೇಶ್ವರದವರೆಗೆ ಐನೂರು ಮೀಟರಿಗೂ ಜಾಸ್ತಿ ಇಳಿತ. ಒಂದೂವರೆ ಟನ್ ಕಾರು ಅಷ್ಟು ಇಳಿದರೆ ಲೆಕ್ಕಕ್ಕೆ ಎರಡು ಯೂನಿಟ್ ಮೇಲೆ ಶಕ್ತಿ ಸಿಗಬೇಕು, ಕೈಗೆ ಬರುವುದು ಸುಮಾರು ಒಂದು ಯೂನಿಟ್. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ರೀಜೆನ್ ಕೆಲಸವನ್ನೇ ಮಾಡುವುದಿಲ್ಲ ಅಥವಾ ತುಂಬಾ ಕಡಿಮೆ ಮಾಡುತ್ತದೆ, ಶಕ್ತಿ ಹಾಕಲು ಜಾಗ ಇಲ್ಲವಲ್ಲ. ಆಗುಂಬೆ ಹತ್ತಿರವೇ ಮನೆ ಇರುವವರು ರಾತ್ರಿ ನೂರಕ್ಕೆ ನೂರು ಚಾರ್ಜ್ ಮಾಡಿ ಬೆಳಿಗ್ಗೆ ಘಟ್ಟ ಇಳಿಯುವುದಾದರೆ ಇದು ನೆನಪಿರಲಿ. 85ಕ್ಕೆ ನಿಲ್ಲಿಸಿ.

ಇನ್ನು ರಸ್ತೆ ಮೇಲೆ, ಸಂಕದ (ಸಣ್ಣ ಸೇತುವೆಯ) ಮೇಲೆ ಹರಿಯುವ ನೀರು. ಬ್ಯಾಟರಿಗೆ ನೀರು ಹೋಗುವುದಿಲ್ಲ ಅನ್ನುವ ಧೈರ್ಯದಲ್ಲಿ ಇಳಿಸಬೇಡಿ. ಒಂದಡಿ ಹರಿಯುವ ನೀರು ಸಣ್ಣ ಕಾರನ್ನು ಎತ್ತಿಕೊಂಡು ಹೋಗಬಲ್ಲದು, ಅಲ್ಲಿ ಯಾವ ಟೈರೂ ಕೆಲಸಕ್ಕೆ ಬರುವುದಿಲ್ಲ.

ಹಂತ 8: ಪಂಚರ್‌ಗೆ ತಯಾರಿ

ಹಲವು ಇವಿಗಳಲ್ಲಿ ಸ್ಟೆಪ್ನಿ ಇಲ್ಲ. 2020ರಿಂದ ನಿಯಮವೇ ಹಾಗಿದೆ, ಟ್ಯೂಬ್‌ಲೆಸ್ ಟೈರು, ಗಾಳಿ ತೋರಿಸುವ ಸೆನ್ಸರ್, ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಕೊಡದಿದ್ದರೂ ನಡೆಯುತ್ತದೆ. ಶಿವಮೊಗ್ಗದಲ್ಲಿ ತೊಂದರೆ ಇಲ್ಲ, ಮಾಸ್ತಿಕಟ್ಟೆ ಹತ್ತಿರ ರಾತ್ರಿ ಒಂಬತ್ತಕ್ಕೆ ಮೊಬೈಲ್ ಸಿಗ್ನಲ್ ಇಲ್ಲದ ಜಾಗದಲ್ಲಿ ತೊಂದರೆ ಇದೆ. ನಿಮ್ಮ ಕಾರಿಗೆ ಸ್ಟೆಪ್ನಿ ಇಲ್ಲದಿದ್ದರೆ, ಡಿಕ್ಕಿಯಲ್ಲಿ ಜಾಗ ಇದ್ದರೆ, ಮಳೆಗಾಲದ ನಾಲ್ಕು ತಿಂಗಳಾದರೂ ಒಂದು ಸ್ಟೆಪ್ನಿ ಇಟ್ಟುಕೊಳ್ಳಿ. ಆಗಲ್ಲ ಅಂದರೆ 12 ವೋಲ್ಟಿನ ಗಾಳಿ ಪಂಪು, ಬತ್ತಿಯಂಥ ರಬ್ಬರ್ ಎಳೆ ತೂರಿಸುವ ಕಿಟ್, ಹೆಡ್ ಟಾರ್ಚು, ಒಂದು ಹಳೆ ಗೋಣಿಚೀಲ. ಗೋಣಿಚೀಲ ಕೆಸರಿನಲ್ಲಿ ಮಂಡಿಯೂರಲೂ ಆಗುತ್ತದೆ, ಚಕ್ರ ಹೂತರೆ ಕೆಳಗೆ ಹಾಕಲೂ ಆಗುತ್ತದೆ.

ರಬ್ಬರ್ ಎಳೆ ತಾತ್ಕಾಲಿಕ ಅಂತ ತಿಳಿಯಿರಿ. ಪೇಟೆಗೆ ಬಂದ ಮೇಲೆ ಟೈರು ಬಿಚ್ಚಿಸಿ ಒಳಗಿನಿಂದ ಅಣಬೆಯಾಕಾರದ ಪ್ಯಾಚ್ ಹಾಕಿಸಿ. ಕೆಲವು ಇವಿ ಟೈರುಗಳ ಒಳಗೆ ಸದ್ದು ಕಡಿಮೆ ಮಾಡಲು ಸ್ಪಂಜು ಅಂಟಿಸಿರುತ್ತಾರೆ, ಆ ಜಾಗದ ಸ್ಪಂಜು ಕತ್ತರಿಸಿ ತೆಗೆದು ಪ್ಯಾಚ್ ಹಾಕಬೇಕು ಅಂತ ಅಂಗಡಿಯವರಿಗೆ ಮೊದಲೇ ಹೇಳಿ. ಪಕ್ಕೆಗೆ ತೂತಾಗಿದ್ದರೆ ರಿಪೇರಿ ಇಲ್ಲ, ಹೊಸ ಟೈರೇ.

ಕಿಟ್ ಕೊಂಡು ಡಿಕ್ಕಿಯಲ್ಲಿ ಹಾಕಿ ಮರೆಯಬೇಡಿ. ಯಾವುದಾದರೂ ಭಾನುವಾರ ಮನೆಯ ಅಂಗಳದಲ್ಲಿ ಪಂಪು ಹಚ್ಚಿ ನೋಡಿ, ವೈರು ನಾಲ್ಕೂ ಚಕ್ರಕ್ಕೆ ಸಿಗುತ್ತದಾ ಅಂತ. ನಮ್ಮ ಕಾರಿನ ಜೊತೆ ಬಂದ ಪಂಪಿನ ವೈರು ಹಿಂದಿನ ಎಡಚಕ್ರಕ್ಕೆ ಒಂದು ಮೊಳ ಸಾಲುತ್ತಿರಲಿಲ್ಲ, ಅದು ಗೊತ್ತಾದದ್ದು ಅಂಗಳದಲ್ಲಿ, ಒಳ್ಳೆಯದೇ ಆಯಿತು. ಪಂಚರ್ ಮುಚ್ಚುವ ದ್ರಾವಣದ ಬಾಟಲಿ ಕೊಟ್ಟಿದ್ದರೆ ಅದರ ಮೇಲೆ ಮುಗಿಯುವ ದಿನಾಂಕ ಇರುತ್ತದೆ, ಅದನ್ನೂ ಅವತ್ತೇ ನೋಡಿ.